ವ್ಯೂಸ್ ಬೆಂಗಳೂರಲ್ಲಿ, ಗಿರಾಕಿ ಯಸಳೂರಲ್ಲಿ

ಕೊಡ್ಲಿಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರೊಬ್ಬರು ಕಾಫಿ ತೋಟದ ಕಳೆ ಹೊಡೆಯುವ ಹೊಸ ಮೆಷಿನ್ ತರಿಸಿದ್ದಾರೆ ಎಂದುಕೊಳ್ಳಿ. ಊರಿನ ಹುಡುಗನೊಬ್ಬನನ್ನು ಹಿಡಿದು ಒಂದು ನಿಮಿಷದ ವಿಡಿಯೊ ಮಾಡಿಸುತ್ತಾರೆ. ಹಿನ್ನೆಲೆಗೆ ಸಿನಿಮಾ ಟ್ಯೂನು, ಮೇಲೆ ದಪ್ಪಕ್ಷರದಲ್ಲಿ ಫೋನ್ ನಂಬರು. ಮೊಬೈಲಿನಲ್ಲೇ ಸಾವಿರ ರೂಪಾಯಿ ಕಟ್ಟಿ 'ಬೂಸ್ಟ್' ಒತ್ತುತ್ತಾರೆ. ಎಲ್ಲಿಯವರಿಗೆ ತೋರಿಸಬೇಕು ಎಂದು ಆ್ಯಪ್ ಕೇಳಿದಾಗ 'ಕೊಡಗು' ಎಂದು ಆರಿಸುತ್ತಾರೆ. ನಾಲ್ಕೈದು ದಿನದಲ್ಲಿ ವ್ಯೂಸ್ ಸಾವಿರಗಳ ಲೆಕ್ಕದಲ್ಲಿ ಏರುತ್ತದೆ. ವಿಡಿಯೊ ನೋಡಿ ಅಂಗಡಿ ಮೆಟ್ಟಿಲು ಹತ್ತಿದವರು ಮಾತ್ರ ಯಾರೂ ಇಲ್ಲ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ವ್ಯವಸ್ಥೆ ಇರುವುದೇ ಹಾಗೆ. ಕೊಡ್ಲಿಪೇಟೆ ಸೋಮವಾರಪೇಟೆ ತಾಲ್ಲೂಕಿನ ಹೋಬಳಿ, ಕೊಡಗಿನ ಉತ್ತರದ ತುದಿ. ಸ್ವಲ್ಪ ಮುಂದೆ ಹೋದರೆ ಹಾಸನ ಜಿಲ್ಲೆ. ಇಂಥ ಗಡಿ ಊರಿನ ವ್ಯಾಪಾರ ಜಿಲ್ಲೆಯ ಗೆರೆ ನೋಡಿ ನಡೆಯುವುದಿಲ್ಲ. ಅದಕ್ಕೆ ಶನಿವಾರಸಂತೆ ಎಷ್ಟು ಹತ್ತಿರವೋ ಗಡಿಯಾಚೆಯ ಯಸಳೂರು, ಮಲ್ಲಿಪಟ್ಟಣದ ಸೀಮೆಯೂ ಅಷ್ಟೇ ಹತ್ತಿರ. 'ಕೊಡಗು' ಎಂದು ಆರಿಸಿದ ಕೂಡಲೇ ಯಸಳೂರಿನ ರೈತ ಪಟ್ಟಿಯಿಂದ ಆಚೆ ಬಿದ್ದ. ವಿರಾಜಪೇಟೆ, ಪೊನ್ನಂಪೇಟೆ, ಕೇರಳದ ಗಡಿಯ ಕುಟ್ಟದವರು ಒಳಗೆ ಬಂದರು. ಒಂದು ಮೆಷಿನ್ನಿಗಾಗಿ ಜಿಲ್ಲೆಯ ಆ ತುದಿಯಿಂದ ಈ ತುದಿಗೆ ಬರುವವರು ಯಾರು?

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಗೂಗಲ್ ಜಾಹೀರಾತು ವ್ಯವಸ್ಥೆಯಲ್ಲಿ ಸ್ಥಳ ಆರಿಸಿದಾಗ, ನಾವು ಬದಲಿಸದಿದ್ದರೆ ತಾನಾಗಿ ಉಳಿಯುವ ಆಯ್ಕೆಯ ಅರ್ಥ 'ಆ ಸ್ಥಳದಲ್ಲಿ ಇರುವವರು ಅಥವಾ ಆ ಸ್ಥಳದ ಬಗ್ಗೆ ಆಸಕ್ತಿ ತೋರಿಸಿದವರು' ಎಂದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ಲೆಕ್ಕದಲ್ಲಿ 'ಅಲ್ಲಿ ವಾಸಿಸುವವರು ಅಥವಾ ಇತ್ತೀಚೆಗೆ ಅಲ್ಲಿಗೆ ಹೋಗಿದ್ದವರು'. ಬೇರೆ ಜಿಲ್ಲೆಯಾಗಿದ್ದರೆ ಇದರಿಂದ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲವೇನೊ. ಆದರೆ ಕೊಡಗಿನ ಬಗ್ಗೆ ಆಸಕ್ತಿ ಇರುವವರೆಂದರೆ ಯಾರು? ವಾರಾಂತ್ಯಕ್ಕೆ ಹೋಂಸ್ಟೇ ಹುಡುಕುತ್ತಿರುವ ಬೆಂಗಳೂರಿನವರು, ಹೈದರಾಬಾದಿನವರು. ಇತ್ತೀಚೆಗೆ ಇಲ್ಲಿಗೆ ಬಂದಿದ್ದವರೆಂದರೆ ಕಳೆದ ವಾರ ಜೀಪು ಹತ್ತಿ ಮಾಂದಲಪಟ್ಟಿಯ ಮಂಜು ನೋಡಿ ಹೋದವರು. ಕಳೆ ಹೊಡೆಯುವ ಮೆಷಿನ್ ಅವರಿಗೆ ಏಕೆ? ವಿಡಿಯೊ ಮೂರು ಸೆಕೆಂಡ್ ಓಡುತ್ತದೆ, ಹೆಬ್ಬೆರಳು ಮುಂದಕ್ಕೆ ತಳ್ಳುತ್ತದೆ. ಅಂಗಡಿಯವರ ಖಾತೆಯಲ್ಲಿ ಅದೂ ಒಂದು ವ್ಯೂ.

ಆ ವ್ಯೂ ಎಂಬುದಾದರೂ ಎಲ್ಲ ಕಡೆ ಒಂದೇ ಅಳತೆಯದಲ್ಲ. ಯೂಟ್ಯೂಬಿನಲ್ಲಿ 2010ರ ಕೊನೆಗೆ ಬಂದ ಸ್ಕಿಪ್ ಮಾಡಬಹುದಾದ ಜಾಹೀರಾತಿನ ನಿಯಮದಲ್ಲಿ ನೋಡುಗ 30 ಸೆಕೆಂಡ್ ನೋಡಿದರೆ, ಅಥವಾ ಅದಕ್ಕಿಂತ ಚಿಕ್ಕದಾದರೆ ಪೂರ್ತಿ ನೋಡಿದರೆ, ಇಲ್ಲವೇ ಒತ್ತಿ ಒಳಗೆ ಹೋದರೆ ಮಾತ್ರ ಜಾಹೀರಾತುದಾರ ದುಡ್ಡು ಕೊಡಬೇಕು. ಫೇಸ್‌ಬುಕ್ ಮೂರು ಸೆಕೆಂಡಿಗೇ ವ್ಯೂ ಎಂದು ಎಣಿಸಿತು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಓಡಲು ಶುರುವಾದರೆ ಸಾಕು, ಎಷ್ಟು ಹೊತ್ತು ನೋಡಿದರೂ ವ್ಯೂ. ಅಳತೆ ಮಾಡುವವನೇ ಮಾರುವವನೂ ಆಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಫೇಸ್‌ಬುಕ್ಕೇ ಸಾಕ್ಷಿ. ಮೂರು ಸೆಕೆಂಡ್‌ಗಿಂತ ಕಡಿಮೆ ನೋಡಿದವರನ್ನು ಕೈಬಿಟ್ಟು ಸರಾಸರಿ ತೆಗೆದದ್ದರಿಂದ ವೀಕ್ಷಣೆಯ ಅವಧಿ ಎರಡು ವರ್ಷಗಳ ಕಾಲ ಹೆಚ್ಚಾಗಿಯೇ ಕಾಣಿಸಿತ್ತು ಎಂದು 2016ರ ಸೆಪ್ಟೆಂಬರ್‌ನಲ್ಲಿ ಅದು ಒಪ್ಪಿಕೊಂಡಿತು. ಅಮೆರಿಕದ ಜಾಹೀರಾತುದಾರರು ಕೋರ್ಟಿಗೆ ಹೋದರು. 2019ರಲ್ಲಿ 4 ಕೋಟಿ ಡಾಲರ್‌ಗೆ ರಾಜಿಯಾಯಿತು. ಸಾವಿರ ರೂಪಾಯಿ ಕಟ್ಟಿದ ಹೋಬಳಿಯ ಅಂಗಡಿಯವರು ಯಾವ ಕೋರ್ಟಿಗೆ ಹೋಗುತ್ತಾರೆ?

ಹಳೆಯ ಜಾಹೀರಾತಿಗೆ ಇಷ್ಟೊಂದು ಜಾಣತನ ಇರಲಿಲ್ಲ, ಆದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಕೊಟ್ಟವನಿಗೆ ಗೊತ್ತಿರುತ್ತಿತ್ತು. ಟಾಕೀಸಿನ ಇಂಟರ್ವಲ್‌ನಲ್ಲಿ ತೋರಿಸುತ್ತಿದ್ದ ಬಟ್ಟೆ ಅಂಗಡಿಯ ಸ್ಲೈಡನ್ನು ಆ ಊರಿನವರೇ ನೋಡುತ್ತಿದ್ದರು. ಮಡಿಕೇರಿಯಿಂದ 1957ರಿಂದ ಹೊರಡುತ್ತಿರುವ 'ಶಕ್ತಿ' ದಿನಪತ್ರಿಕೆಗೆ ಕೊಟ್ಟ ಜಾಹೀರಾತು ಜಿಲ್ಲೆಯೊಳಗೇ ಓದಿಸಿಕೊಳ್ಳುತ್ತಿತ್ತು. ದೂರದರ್ಶನ 1976ರ ಜನವರಿಯಿಂದ ಜಾಹೀರಾತು ತೆಗೆದುಕೊಳ್ಳತೊಡಗಿದರೂ ಸಣ್ಣ ವ್ಯಾಪಾರಿಗೆ ಅದು ಎಟುಕಲಿಲ್ಲ. ಅವನ ಕೈಗೆ ಮೊದಲು ಸಿಕ್ಕ ಪರದೆ ಲೋಕಲ್ ಕೇಬಲ್ ಚಾನೆಲ್ಲಿನ ಕೆಳಗೆ ಓಡುವ ಸಾಲು, ಆಮೇಲೆ ಮೊಬೈಲು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಬೆಲೆ ಬಿದ್ದ ಮೇಲೆ, 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ ಆ ಜಾಗಕ್ಕೆ ಕೆಲವೇ ತಿಂಗಳಲ್ಲಿ ರೀಲ್ಸ್, ಶಾರ್ಟ್ಸ್ ಬಂದು ಕೂತ ಮೇಲೆ, ಜಾಹೀರಾತು ಮಾಡಲು ಏಜೆನ್ಸಿ ಬೇಡವಾಯಿತು. ಇದು ನಿಜಕ್ಕೂ ದೊಡ್ಡ ಲಾಭ, ಅಲ್ಲಗಳೆಯುವಂತಿಲ್ಲ. ಅದರ ಹೆಚ್ಚಿನ ಪಾಲು ಎಲ್ಲಿಗೆ ಹರಿಯುತ್ತಿದೆ ಎಂಬುದೇ ಪ್ರಶ್ನೆ.

ಯಾರಿಗೆ ಏನು ತೋರಿಸಬೇಕೆಂಬುದರಲ್ಲಿ ನೋಡುಗನ ಬೆರಳಿಗೂ ಪಾಲಿದೆ. ನೋಡುಗನೂ ಪಾಲ್ಗೊಳ್ಳುವ ವಿಡಿಯೊ ಎಂಬ ಕನಸು ಹಳೆಯದು. 1967ರಲ್ಲಿ ಮಾಂಟ್ರಿಯಲ್‌ನ ವಿಶ್ವ ಪ್ರದರ್ಶನದಲ್ಲಿ ಜೆಕೊಸ್ಲೊವಾಕಿಯಾದವರು 'ಕಿನೊಆಟೊಮ್ಯಾಟ್' ಎಂಬ ಸಿನಿಮಾ ತೋರಿಸಿದರು. ಪ್ರತಿ ಕುರ್ಚಿಗೂ ಕೆಂಪು, ಹಸಿರು ಗುಂಡಿ; ಕಥೆ ಮುಂದೆ ಎತ್ತ ಹೋಗಬೇಕೆಂದು ಪ್ರೇಕ್ಷಕರೇ ಮತ ಹಾಕಬೇಕು. 2018ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ 'ಬ್ಯಾಂಡರ್‌ಸ್ನ್ಯಾಚ್' ಮೂಲಕ ಅದನ್ನೇ ಮನೆಗೆ ತಂದಿತು, 2025ರ ಮೇ ತಿಂಗಳಲ್ಲಿ ತೆಗೆದೂ ಹಾಕಿತು. ಕಥೆ ಬದಲಿಸುವ ಗುಂಡಿ ಬದುಕಲಿಲ್ಲ. ಬದುಕಿದ್ದು ಬೇರೆಯೇ ಗುಂಡಿಗಳು: ಲೈಕ್, ಶೇರ್, ಸ್ಕಿಪ್. ಗುಂಡಿಯೇ ಇಲ್ಲದ ಗುಂಡಿ ಇನ್ನೊಂದು, ಯಾವ ವಿಡಿಯೊದ ಮೇಲೆ ನಮ್ಮ ಬೆರಳು ಒಂದು ಕ್ಷಣ ತಡೆಯಿತು ಎಂಬುದು. ಒತ್ತಿದೆವು ಎಂದು ನಮಗೆ ಗೊತ್ತೇ ಆಗದ ಮತ ಅದು. ಶುಂಠಿ ಬೆಲೆಯ ವಿಡಿಯೊ ಎದುರು ನಿಂತ ಬೆರಳಿಗೆ ಸಂಜೆಯೊಳಗೆ ಶುಂಠಿ ಔಷಧಿಯ ವಿಡಿಯೊ ಬಂದಿರುತ್ತದೆ.

ಶುಂಠಿಯ ಈ ಉದಾಹರಣೆಯನ್ನು ಇನ್ನಷ್ಟು ನೋಡಬೇಕು. ಇಂಥ ವಿಡಿಯೊಗಳಿಗೆ ಈಗ ಒಂದು ಅಚ್ಚೇ ಸಿದ್ಧವಾಗಿದೆ. ಗದ್ದೆಯ ನಡುವೆ ಒಬ್ಬರು ನಿಂತಿರುತ್ತಾರೆ. ಮಣ್ಣು ಮೆತ್ತಿದ ಗೆಡ್ಡೆಯನ್ನು ಕ್ಯಾಮೆರಾಗೆ ಹಿಡಿದು, ಹೋದ ವರ್ಷ ಅರ್ಧಕ್ಕರ್ಧ ಕೊಳೆತು ಹೋಯಿತು, ಈ ವರ್ಷ ನೋಡಿ ಎನ್ನುತ್ತಾರೆ. ಪಕ್ಕದ ಪಾತಿಯ ಹಳದಿ ಎಲೆ, ತಮ್ಮ ಪಾತಿಯ ಹಸಿರು ಎಲೆ ಒಂದಾದ ಮೇಲೊಂದು ಬರುತ್ತವೆ. ಕಂಪನಿಯ ಹೆಸರನ್ನು ಮೊದಲು ಹೇಳುವುದೇ ಇಲ್ಲ. ವಿಡಿಯೊ ಮುಗಿಯುವಾಗ ಡಬ್ಬಿ ಕೈಗೆ ಬರುತ್ತದೆ, ಕೆಳಗೆ ನಂಬರ್ ಮೂಡುತ್ತದೆ. ಮಾತಾಡಿದವರು ರೈತರೋ, ಏಜೆಂಟರೋ, ಡಬ್ಬಿ ಪುಕ್ಕಟೆ ಪಡೆದವರೋ ನೋಡಿದವರಿಗೆ ತಿಳಿಯುವುದಿಲ್ಲ. ನಮ್ಮವರಂತೆಯೇ ಮಾತಾಡಿದರಲ್ಲ ಎಂಬ ಒಂದೇ ಕಾರಣಕ್ಕೆ ನಂಬಿಕೆ ಹುಟ್ಟುತ್ತದೆ.

2024ರಲ್ಲಿ ಕೊಡಗಿನ ಶುಂಠಿಗೆ ಪೈರಿಕ್ಯುಲೇರಿಯಾ ಎಂಬ ಶಿಲೀಂಧ್ರದ ಎಲೆಚುಕ್ಕೆ ರೋಗ ಬಂತು. ಅದನ್ನು ಗುರುತಿಸಿದ್ದು ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲೇ ಇದೆ. ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಆದರೆ ಎಲೆಯಲ್ಲಿ ಚುಕ್ಕೆ ಕಂಡ ದಿನ ರೈತ ಮೊದಲು ತೆಗೆಯುವುದು ಜೇಬಿನ ಫೋನು. ವಿಜ್ಞಾನಿಯ ಸಲಹೆಗೆ ಬೂಸ್ಟ್ ಮಾಡುವವರಿಲ್ಲ, ಡಬ್ಬಿ ಮಾರುವವನಿಗೆ ಇದ್ದಾರೆ. ಇಂಥ ಡಬ್ಬಿಗಳಲ್ಲಿ ಜೈವಿಕ ಉತ್ತೇಜಕಗಳೆಂದು ಮಾರುವ ಸರಕನ್ನು 2021ರ ಫೆಬ್ರುವರಿಯಲ್ಲೇ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ತಾತ್ಕಾಲಿಕ ಅನುಮತಿಯ ಮೇಲೆ ಮಾರುವ ಅವಕಾಶವೂ 2025ರ ಜೂನ್‌ನಲ್ಲಿ ಮುಗಿದಿದೆ. ಅಂಗಡಿಯ ಕಪಾಟಿಗೆ ಬಂದು ಪರೀಕ್ಷಿಸುವ ಅಧಿಕಾರಿ ಇದ್ದಾರೆ. ರೀಲ್ಸ್‌ನಲ್ಲಿ ಕಂಡ ಡಬ್ಬಿ ಕೊರಿಯರ್‌ನಲ್ಲಿ ನೇರ ಮನೆಗೆ ಬಂದರೆ ನೋಡುವವರು ಯಾರು?

ಇದಕ್ಕೆ ಹೊಸ ಕಾನೂನು ಬೇಕೆಂದು ಕೂಗುವ ಅಗತ್ಯವಿಲ್ಲ. ಇರುವ ನಿಯಮವೇ ಸಾಕಷ್ಟು ಗಟ್ಟಿಯಾಗಿದೆ. ಜಾಹೀರಾತು ಗುಣಮಟ್ಟ ಮಂಡಳಿ (ಎಎಸ್‌ಸಿಐ) 2021ರಲ್ಲಿ ತಂದ ಮಾರ್ಗಸೂಚಿಯಂತೆ, 15 ಸೆಕೆಂಡ್‌ವರೆಗಿನ ವಿಡಿಯೊದಲ್ಲಿ 'ಜಾಹೀರಾತು' ಎಂಬ ಗುರುತು ಕನಿಷ್ಠ ಮೂರು ಸೆಕೆಂಡ್ ಇರಬೇಕು, ಎರಡು ನಿಮಿಷದೊಳಗಿನದಾದರೆ ಅವಧಿಯ ಮೂರನೇ ಒಂದು ಭಾಗ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆ ಇನ್ನೂ ಮುಂದೆ ಹೋಗುತ್ತದೆ. ದುಡ್ಡಷ್ಟೇ ಅಲ್ಲ, ಪುಕ್ಕಟೆ ಸಾಮಾನು, ರಿಯಾಯಿತಿ, ಪ್ರವಾಸ ಏನು ಪಡೆದಿದ್ದರೂ ಹೇಳಬೇಕು. ವಿಡಿಯೊ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು. ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದೊಳಗೆ ಅಕ್ಷರದಲ್ಲೂ ಇರಬೇಕು, ಬಾಯಿಂದಲೂ ಬರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ನಿಯಮದಲ್ಲಿ ಇಷ್ಟಿದೆ. ಕನ್ನಡದ ರೀಲ್ಸ್‌ನಲ್ಲಿ 'ಇದು ದುಡ್ಡು ಪಡೆದು ಮಾಡಿದ ಜಾಹೀರಾತು' ಎಂದು ಬಾಯಿಬಿಟ್ಟು ಹೇಳಿದವರನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಹೆಚ್ಚೆಂದರೆ ಮೂಲೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಇಲ್ಲವೇ ಇಪ್ಪತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಹುದುಗಿದ 'ಕೊಲಾಬ್'. ಜಾಹೀರಾತೆಂದು ಬಾಯಿಬಿಟ್ಟು ಹೇಳಿದರೆ ಪ್ರಮೋಷನ್ ಕೊಡುವವರು ಓಡಿಹೋಗುತ್ತಾರೆ, ತಾಲ್ಲೂಕು ಮಟ್ಟದಲ್ಲಿ ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆಯುವ ಹುಡುಗರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ವಾದ ಇದೆ. ಪತ್ರಿಕೆಗಳು ದಶಕಗಳಿಂದ 'ಜಾಹೀರಾತು' ಎಂದು ತಲೆಯ ಮೇಲೆ ಅಚ್ಚು ಹಾಕಿಯೇ ಜಾಹೀರಾತು ಮುದ್ರಿಸಿವೆ. ಅದರಿಂದ ಯಾರೂ ಕೊಡುವುದು ಬಿಟ್ಟಿಲ್ಲ. ಕಾನೂನು ಗಟ್ಟಿಯಾಗಿ ನಿಂತರೆ ಪರದೆ ಬದಲಾಗುತ್ತದೆ ಎಂಬುದನ್ನು ಈಚೆಗೆ ನೋಡಿಯೂ ಇದ್ದೇವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿ, ಅವುಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇಟ್ಟಿತು. ಕ್ರಿಕೆಟ್ ನಡುವೆ ಕಾಡುತ್ತಿದ್ದ, ಆ ಆಟಗಳ ದೊಡ್ಡ ಕಂಪನಿಗಳ ಜಾಹೀರಾತು ಕಾಣೆಯಾಯಿತು.

ನನ್ನ ತಕರಾರು ಕ್ಯಾಮೆರಾ ಹಿಡಿದ ಹುಡುಗರ ಮೇಲಲ್ಲ, ವೇದಿಕೆಗಳ ಮೇಲೆ. ಇನ್ಫೊಸಿಸ್‌ನ ಎನ್‌.ಆರ್‌. ನಾರಾಯಣ ಮೂರ್ತಿ ತಮ್ಮ ಮುಖ, ದನಿ ನಕಲು ಮಾಡಿ ಯಾರೋ ಟ್ರೇಡಿಂಗ್ ಆ್ಯಪ್‌ಗಳನ್ನು ಮಾರುತ್ತಿದ್ದಾರೆ, ನಂಬಬೇಡಿ ಎಂದು 2023ರ ಡಿಸೆಂಬರ್‌ನಲ್ಲಿ ತಾವೇ ಹೇಳಿಕೆ ಕೊಡಬೇಕಾಯಿತು. ಅಂಥ ನಕಲಿ ವಿಡಿಯೊ ದುಡ್ಡು ಕಟ್ಟಿದ ಜಾಹೀರಾತಾಗಿ ಬಂದಾಗಲೆಲ್ಲ ಅದರ ಬಾಡಿಗೆ ವೇದಿಕೆಗೇ ಸಂದಿರುತ್ತದೆ. ಕಳೆದ ವಾರ ಮಾಂದಲಪಟ್ಟಿಗೆ ಯಾರು ಹೋಗಿದ್ದರು ಎಂದು ಗೊತ್ತಿರುವ ಯಂತ್ರಕ್ಕೆ, ತನಗೆ ದುಡ್ಡು ಕಟ್ಟಿದವನು ಯಾರೆಂದು ಪಕ್ಕಾ ಮಾಡಿಕೊಳ್ಳುವುದು ಕಷ್ಟ ಎಂದರೆ ನಂಬುವುದು ಹೇಗೆ? 18 ವರ್ಷದೊಳಗಿನವರನ್ನು ಗುರಿ ಮಾಡಿ ಜಾಹೀರಾತು ತೋರಿಸಬಾರದು ಎಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮನೆಗೆಲ್ಲ ಒಂದೇ ಫೋನಿದ್ದು, ಅಪ್ಪನ ಖಾತೆಯಲ್ಲೇ ಮಗು ಕಾರ್ಟೂನ್ ನೋಡುವ ಕಡೆ ಆ ಕಾಯ್ದೆ ಎಷ್ಟು ದೂರ ನಡೆದೀತು ಎಂಬುದು ಬೇರೆಯೇ ಮಾತು.

ವಾಟ್ಸ್‌ಆ್ಯಪ್ ಸ್ಟೇಟಸ್ ಸಣ್ಣ ಊರಿನ ವ್ಯಾಪಾರಿಗೆ ಉಳಿದ ಪುಕ್ಕಟೆ ಜಾಗವಾಗಿತ್ತು. ಅದನ್ನು ನೋಡುವವರು ಅವನ ನಂಬರ್ ಇಟ್ಟುಕೊಂಡವರು, ಅಂದರೆ ನಿಜವಾದ ಗಿರಾಕಿಗಳು. ಅಲ್ಲೂ ಜಾಹೀರಾತು ತರುವುದಾಗಿ ಮೆಟಾ 2025ರ ಜೂನ್‌ನಲ್ಲಿ ಘೋಷಿಸಿದೆ. ಯಸಳೂರಿನ ರೈತನ ಫೋನಿನಲ್ಲಿ ಕೊಡ್ಲಿಪೇಟೆ ಅಂಗಡಿಯ ಸ್ಟೇಟಸ್ ಪಕ್ಕದಲ್ಲೇ ಇನ್ನು ಯಾವುದೋ ದೊಡ್ಡ ಆನ್‌ಲೈನ್ ಕಂಪನಿಯ ಮೆಷಿನ್ನೂ ಬಂದು ಕೂರಬಹುದು.

ದುಡ್ಡು ಕಟ್ಟುವ ಅಂಗಡಿಯವರು ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು: ಜಿಲ್ಲೆಯ ಹೆಸರು ಆರಿಸಬೇಡಿ, ನಕ್ಷೆಯಲ್ಲಿ ನಿಮ್ಮ ಅಂಗಡಿಯ ಮೇಲೆ ಗುರುತಿಟ್ಟು ಸುತ್ತ ಕಿಲೋಮೀಟರ್ ಲೆಕ್ಕದ ವೃತ್ತ ಎಳೆಯಿರಿ. ಗೂಗಲ್ ಆದರೆ 'ಆಸಕ್ತಿ ಇರುವವರು' ಎಂಬುದನ್ನು ತೆಗೆದು 'ಅಲ್ಲಿ ಇರುವವರು' ಎಂದು ಮಾತ್ರ ಉಳಿಸಿ. ನೋಡುವವರು ಯೂಟ್ಯೂಬ್ ಜಾಹೀರಾತಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ದುಡ್ಡು ಕಟ್ಟಿದವರ ಹೆಸರು, ದೇಶ ಕಾಣುತ್ತದೆ. ಕೈಯಿಂದ ಹಣ ಬಿಡುವ ಮುಂಚೆ ಅದನ್ನೊಮ್ಮೆ ನೋಡಿ. ಜಾಹೀರಾತೆಂದು ಹೇಳದೆ ಮಾರಿದ ವಿಡಿಯೊ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ 1930ಕ್ಕೆ. ಗ್ರಾಹಕ ಸಹಾಯವಾಣಿ 17 ಭಾಷೆಗಳಲ್ಲಿ ದೂರು ತೆಗೆದುಕೊಳ್ಳುತ್ತದೆ, ಕನ್ನಡವೂ ಅದರಲ್ಲಿ ಇದೆ.