ಕಪ್ ಯಾರದು? ನಾಲ್ಕನೇ ಜ್ವರ ಕಳೀಲಿ, ಆಮೇಲೆ ಹೇಳ್ತೀವಿ

ಐಪಿಎಲ್ ಶುರುವಾಗೋಕೆ ಇನ್ನು ಕೆಲವೇ ದಿನ. ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್‌ಗಿಂತ ಪಾಯಿಂಟ್ಸ್ ಟೇಬಲ್ ಬಗ್ಗೆಯೇ ಜಾಸ್ತಿ ಚರ್ಚೆ. ಹಾಗಾಗಿ ಈ ಸಲದ ಸಂಚಿಕೆಗೆ ದಕ್ಷಿಣದ ಮೂರು ತಂಡಗಳ, ಅಂದ್ರೆ ನಮ್ಮ ಆರ್‌ಸಿಬಿ, ಚೆನ್ನೈ, ಹೈದರಾಬಾದ್‌ಗಳ ಭವಿಷ್ಯ ಬರೆಯೋಣ ಅಂತ ಕೂತೆವು. ಪೆನ್ನು ಹಿಡಿಯುವ ಮುಂಚೆ ಹೋದ ವರ್ಷ ಇದೇ ಹೊತ್ತಿಗೆ ನಾವೇ ಬರೆದಿಟ್ಟಿದ್ದ ಹಾಳೆ ತೆಗೆದು ನೋಡಿದೆವು. ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು.

2025ರ ಆ ಹಾಳೆಯಲ್ಲಿ ಹೈದರಾಬಾದ್ ಮೊದಲ ಸ್ಥಾನ. ಚೆನ್ನೈ ಪ್ಲೇಆಫ್ ಗ್ಯಾರಂಟಿ. ಬಾಯಲ್ಲಿ ‘ಈ ಸಲ ಕಪ್ ನಮ್ದೇ’ ಅಂತಿದ್ದ ನಾವು ಹಾಳೆಯಲ್ಲಿ ಆರ್‌ಸಿಬಿಗೆ ಕೊಟ್ಟಿದ್ದು ಆರನೇ ಸ್ಥಾನ! ಆಗಿದ್ದೇನು? ಹೈದರಾಬಾದ್ ಆರನೆಯದಾಯಿತು. ಐದು ಕಪ್ ಗೆದ್ದ ಚೆನ್ನೈ ಮೊದಲ ಬಾರಿಗೆ ಕೊನೆಯ ಸ್ಥಾನಕ್ಕೆ ಇಳಿಯಿತು. ಆರ್‌ಸಿಬಿ 2008ರ ನಂತರ ಮೊದಲ ಸಲ ಚೆಪಾಕ್‌ನಲ್ಲಿ ಗೆದ್ದಿತು, ಹೊರಗಿನ ಏಳಕ್ಕೆ ಏಳೂ ಲೀಗ್ ಪಂದ್ಯ ಗೆದ್ದಿತು, ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿತು. ಮರುದಿನ ಚಿನ್ನಸ್ವಾಮಿ ಬಳಿ ಕಾಲ್ತುಳಿತದಲ್ಲಿ 11 ಜನ ಹೋದರು. ಹದಿನೆಂಟು ವರ್ಷ ಕಾದ ಖುಷಿ ಒಂದು ದಿನವೂ ಉಳಿಯಲಿಲ್ಲ. ಅದನ್ನು ಮರೆತು ಕಪ್ಪಿನ ಮಾತಾಡೋಕೆ ನಮಗೆ ಆಗಲ್ಲ.

ಇಷ್ಟು ತಪ್ಪೋದು ನಮ್ಮ ದಡ್ಡತನದಿಂದ ಮಾತ್ರವಾ? ಅಲ್ಲ ಅನ್ನುತ್ತೆ ಮೂರನೇ ಸೆಮ್‌ನ ಲೆಕ್ಕ. ಒಂದು ತಂಡ ನಿಜಕ್ಕೂ ಚೆನ್ನಾಗಿದೆ, ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಅಂತಿಟ್ಟುಕೊಳ್ಳಿ. ಲೀಗ್‌ನಲ್ಲಿ 14 ಪಂದ್ಯ. ಬೈನಾಮಿಯಲ್ ಹಾಕಿ ನೋಡಿದರೆ, ಅಂಥ ತಂಡವೂ ಹತ್ತು ಸೀಸನ್‌ಗಳಲ್ಲಿ ಸುಮಾರು ಮೂರರಲ್ಲಿ ಎಂಟು ಗೆಲುವು ಮುಟ್ಟೋದೇ ಇಲ್ಲ. ಹತ್ತು ತಂಡಗಳಿಂದ ನಾಲ್ಕನ್ನು ಆರಿಸುವ ಬಗೆ 210. ಕಣ್ಣು ಮುಚ್ಚಿ ಪ್ಲೇಆಫ್‌ನ ನಾಲ್ಕೂ ತಂಡ ಸರಿಯಾಗಿ ಹೇಳುವ ಅವಕಾಶ 210ರಲ್ಲಿ ಒಂದು. ಟೀವಿಯಲ್ಲಿ ಕೂತು ಖಡಾಖಂಡಿತವಾಗಿ ಹೇಳುವ ಮಾಜಿ ಆಟಗಾರರಿಗೂ ಇದೇ ಲೆಕ್ಕ ಅಡ್ಡ ಬರುತ್ತೆ.

ತಪ್ಪು ಭವಿಷ್ಯದಿಂದ ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆವು, ನಮ್ಮ ಕ್ಲಾಸಿನ ಗೆಳೆಯನ ವಿಷಯ ಗೊತ್ತಾಗುವವರೆಗೆ. ಬೈರಮಂಗಲದ ಹುಡುಗ. ಹೆಸರು ಬೇಡ, ವಿಷಯ ಬರೀರಿ ಅಂತ ಅವನೇ ಹೇಳಿದ. ಹೋದ ಸೀಸನ್‌ನ ಮೊದಲ ಪಂದ್ಯದಲ್ಲಿ ಹೈದರಾಬಾದ್ 286 ಹೊಡೆದಾಗ ಇಡೀ ಬ್ಲಾಕ್ ‘ಮುಂದಿನ ಮ್ಯಾಚಲ್ಲಿ 300 ಪಕ್ಕಾ ಮಗಾ’ ಅಂತ ಕೂಗಿತ್ತು. ಇವನು ಪರೀಕ್ಷೆ ಫೀಸಿನ ದುಡ್ಡನ್ನು ಫೋನಿನಲ್ಲೇ ಕಟ್ಟಿಬಿಟ್ಟ. ಲಕ್ನೋ ಎದುರಿನ ಆ ಪಂದ್ಯದಲ್ಲಿ ಹೈದರಾಬಾದ್ ಹೊಡೆದಿದ್ದು 190, ಸೋತಿತು ಕೂಡ. ‘ಪಕ್ಕಾ’ ಅಂದವರಲ್ಲಿ ನಾವೂ ಇದ್ದೆವು.

ಆ ದುಡ್ಡು ಅವರಪ್ಪ ರೇಷ್ಮೆ ಹುಳ ಮೇಯಿಸಿ, ಗೂಡನ್ನು ರಾಮನಗರ ಮಾರ್ಕೆಟ್‌ನಲ್ಲಿ ಮಾರಿ ತಂದಿದ್ದು. ಆಮೇಲೊಂದು ಭಾನುವಾರ ಅವರ ಮನೆಗೆ ಹೋಗಿದ್ದೆವು. ಕೆರೆ ಕಡೆಯಿಂದ ಗಾಳಿ ಬೀಸಿದಾಗ ಮೂಗು ಮುಚ್ಚಿಕೊಂಡೆವು. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೆಲ್ಲ ತಂದು ಅಲ್ಲಿ ಸುರಿಯುತ್ತೆ. ‘ಬೆಳೆ ಹೇಗಿದೆ ಅಂಕಲ್, ಈ ಸಲ ರೇಟ್ ಎಷ್ಟು ಸಿಗಬಹುದು?’ ಅಂದ್ವಿ. ಸೊಪ್ಪು ಹಾಕುತ್ತಲೇ ಅವರು ಹೇಳಿದರು: ‘ಉಳ ನಾಕ್ನೇ ಜ್ವರ ಕಳೀಲಿ ಕಣ್ರಪ್ಪಾ, ಆಮೇಕೆ ಮಾತಾಡಣ. ಗೂಡು ಕಟ್ಟಿ, ಮಾರ್ಕೆಟ್‌ಗೆ ಓಗಿ, ತೂಕ ಆಗಿ, ದುಡ್ಡು ಕೈಗೆ ಬರೋಗಂಟ ಯಾವ್ದೂ ನಮ್ದಲ್ಲ.’

ಗೊತ್ತಿಲ್ಲದವರಿಗೆ: ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತೆ, ಅದಕ್ಕೆ ಜ್ವರ ಅಂತಾರೆ. ನಾಲ್ಕೂ ಕಳೆದ ಮೇಲೂ ರೋಗ ಬರಬಹುದು, ಹರಾಜಿನಲ್ಲಿ ರೇಟು ಬೀಳಬಹುದು. ಹಾಗಂತ ಅವರೇನೂ ಲೆಕ್ಕ ಹಾಕದೆ ಕೂತಿಲ್ಲ. ಎಷ್ಟು ಮೊಟ್ಟೆ, ಎಷ್ಟು ಸೊಪ್ಪು ಬೇಕು ಅನ್ನೋದೆಲ್ಲ ಬಾಯಲ್ಲೇ ಇದೆ. ಗೊತ್ತಿರೋದೆಷ್ಟು, ಗೊತ್ತಿಲ್ಲದ್ದೆಷ್ಟು ಅನ್ನೋ ಗೆರೆ ಅವರಿಗೆ ಸ್ಪಷ್ಟ. ನಮಗೆ ಇಲ್ಲದ್ದು ಅದೇ.

ಆದ್ದರಿಂದ ಈ ಸಲ ‘ಪಕ್ಕಾ’ ಅನ್ನೋ ಪದ ಬಿಟ್ಟು ಶೇಕಡಾ ಬರೆಯುತ್ತಿದ್ದೇವೆ. ಕುರುಡು ಊಹೆಗೇ ಪ್ಲೇಆಫ್ ಅವಕಾಶ 40 ಇರುತ್ತೆ ಅನ್ನೋದು ನೆನಪಿರಲಿ.

ಆರ್‌ಸಿಬಿ: 60. ಕಪ್ ಗೆದ್ದ ತಂಡದ ಬೆನ್ನೆಲುಬು ಹಾಗೇ ಇದೆ. ಹೋದ ಸಲ 657 ರನ್ ಹೊಡೆದ ಕೊಹ್ಲಿ, 22 ವಿಕೆಟ್ ತೆಗೆದ ಹೇಜಲ್‌ವುಡ್ ಇದ್ದಾರೆ. ಹಿಂದಿನ ಹರಾಜಿನಲ್ಲಿ 23.75 ಕೋಟಿಗೆ ಹೋಗಿದ್ದ ವೆಂಕಟೇಶ್ ಅಯ್ಯರ್ ಈಗ 7 ಕೋಟಿಗೆ ಸಿಕ್ಕಿದ್ದಾರೆ. ಗೂಡಿನ ರೇಟೂ ಹೀಗೇ ಇಳಿಯುತ್ತೆ. ಮತ್ತೆ ಕಪ್? ನೂರಕ್ಕೆ 15. ಬೈಬೇಡಿ, ಹತ್ತು ತಂಡಗಳಿವೆ.

ಚೆನ್ನೈ: 45. ಜಡೇಜಾ ಮತ್ತು ಸ್ಯಾಮ್ ಕರನ್‌ರನ್ನು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್‌ರನ್ನು ತಂದಿದ್ದಾರೆ. ಭಾರತಕ್ಕೆ ಇನ್ನೂ ಆಡದ ಇಬ್ಬರು ಹುಡುಗರಿಗೆ ತಲಾ 14.20 ಕೋಟಿ ಕೊಟ್ಟಿದ್ದಾರೆ. ವಯಸ್ಸಾದವರ ತಂಡ ಅನ್ನಿಸಿಕೊಂಡವರು ಕೊನೆಗೂ ಬದಲಾದರು, ಆದರೆ ಹೊಸ ತಂಡ ಕೂಡಿಕೊಳ್ಳೋಕೆ ಸಮಯ ಬೇಕು.

ಹೈದರಾಬಾದ್: 40. ಶಮಿ ಲಕ್ನೋಗೆ ಹೋದರು, ಲಿವಿಂಗ್‌ಸ್ಟನ್ 13 ಕೋಟಿಗೆ ಬಂದರು. ಬ್ಯಾಟಿಂಗ್ ಬೆಂಕಿ, ಬೌಲಿಂಗ್ ಅನುಮಾನ. ಇವರ ಬಗ್ಗೆ ನಮಗೆ ಗೊತ್ತಿರೋದು ಕಣ್ಣು ಮುಚ್ಚಿ ಹೇಳುವವನಿಗಿಂತ ಜಾಸ್ತಿ ಇಲ್ಲ. ಅದನ್ನು ಒಪ್ಪಿಕೊಂಡೇ 40 ಬರೆದಿದ್ದೇವೆ.

ನೀವೂ ನಿಮ್ಮ ಅಂಕಿ ಬರೆದು, ಮೊದಲ ಪಂದ್ಯಕ್ಕೆ ಮುಂಚೆ ಸಂಘದ ಡಬ್ಬಿಗೆ ಹಾಕಿ. ಸೀಸನ್ ಮುಗಿದ ಮೇಲೆ ತೆಗೆದು, ನಮ್ಮ ತಪ್ಪುಗಳ ಸಮೇತ ಎಲ್ಲವನ್ನೂ ಇಲ್ಲೇ ಪ್ರಕಟಿಸುತ್ತೇವೆ. ನಿಯಮ ಒಂದೇ, ದುಡ್ಡು ಕಟ್ಟುವಂತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲೇ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಆದರೂ ವಾಟ್ಸಾಪ್ ಗುಂಪುಗಳಲ್ಲಿ ‘ನೂರು ರೂಪಾಯಿ ತಾನೇ ಗುರು’ ಅನ್ನೋದು ನಿಂತಿಲ್ಲ. ಹಾಗೆ ಯಾರಾದರೂ ಕರೆದರೆ, ನಮ್ಮ ಗೆಳೆಯನನ್ನು ಕೇಳಿ. ಅವನು ಫೀಸು ಕಟ್ಟಲು ನಾವೆಲ್ಲ ಸೇರಿ ಕೊಟ್ಟ ದುಡ್ಡನ್ನು ಇನ್ನೂ ತಿಂಗಳು ತಿಂಗಳು ತೀರಿಸುತ್ತಿದ್ದಾನೆ. ಬೇಡ ಅಂದರೂ ಕೇಳುತ್ತಿಲ್ಲ. ಅವರಪ್ಪನಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಅಂದ ಹಾಗೆ, ಕೂಗೋದನ್ನು ಯಾರೂ ಬಿಡಬೇಕಿಲ್ಲ. ‘ಕಪ್ ನಮ್ದೇ’ ಅನ್ನೋದು ಭವಿಷ್ಯವಲ್ಲ, ಪ್ರೀತಿ. ಗಂಟಲು ಹರಿಯುವಷ್ಟು ಕೂಗಿ. ಜೇಬಿಗೆ ಮಾತ್ರ ಕೈ ಹಾಕಬೇಡಿ.