ಆ ಮಗುವಿನ ಪಕ್ಕದಲ್ಲಿ ಕೂತವರು ಯಾರು?



ರಾತ್ರಿ ಊಟ ಮುಗಿದು, ಪಾತ್ರೆ ಬೋರಲು ಹಾಕಿ, ಹಾಲಿಗೆ ಹೆಪ್ಪು ಕೊಟ್ಟ ಮೇಲೆ ಸಿಗುವ ಒಂದೆರಡು ಗಂಟೆ ಇದೆಯಲ್ಲ, ಅದೊಂದೇ ನಮ್ಮ ಸ್ವಂತದ್ದು. ಆ ಹೊತ್ತಿನಲ್ಲಿ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ದೆವ್ವದ ಸಿನಿಮಾ ಹಾಕಿಕೊಂಡು, ಸೆರಗಿನ ತುದಿ ಬಾಯಿಗೆ ಕಚ್ಚಿ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವವರು ನಿಮ್ಮಲ್ಲಿ ಎಷ್ಟು ಮಂದಿ? ನಾಚಿಕೊಳ್ಳಬೇಡಿ, ನಾನೂ ಅದೇ ಪೈಕಿ. ಪಕ್ಕದಲ್ಲಿ ಒಗ್ಗರಣೆ ಚುರುಮುರಿ ಇದ್ದರಂತೂ ಇನ್ನೂ ಚೆನ್ನ.

ನಮ್ಮಲ್ಲಿ ಸ್ವಲ್ಪ ವಯಸ್ಸಾದವರಿಗೆ 1979ರ ‘ನಾ ನಿನ್ನ ಬಿಡಲಾರೆ’ ನೆನಪಿರಬೇಕು. ಅನಂತನಾಗ್, ಲಕ್ಷ್ಮಿ. ಅದನ್ನು ನೋಡಿ ಬಂದ ರಾತ್ರಿ ಹಿತ್ತಲಿಗೆ ಹೋಗಲು ಜೊತೆ ಬೇಕಾಗುತ್ತಿತ್ತು. ಆಗಿನ ದೆವ್ವ ಬೆಳೆದ ಹೆಂಗಸು. ಅವಳಿಗೊಂದು ಆಸೆ, ಒಂದು ಸೇಡು. ಈಗ ಕಾಲ ಬದಲಾಗಿದೆ. ಹೊರದೇಶದ ಚಿತ್ರಗಳು ಕನ್ನಡದ ಮನೆಯೊಳಗೇ ಬಂದಿವೆ, ಅವುಗಳಲ್ಲಿ ನಮ್ಮನ್ನು ಹೆದರಿಸುವುದು ಒಂದು ಪುಟ್ಟ ಮಗು. ಎರಡು ಜಡೆ, ಬಿಳಿ ಫ್ರಾಕು, ರೆಪ್ಪೆ ಬಡಿಯದ ನೋಟ. ಆ ಮಗುವಿನ ಹಿಂದೆ ಯಾವಾಗಲೂ ಒಬ್ಬ ದೊಡ್ಡವರು, ಅದನ್ನು ಕಾಯುವವರು. ಸಿನಿಮಾದವರು ನಮ್ಮನ್ನು ಮಗುವಿನ ಕಡೆ ನೋಡಿಸುತ್ತಾರೆ. ನೀವು ಇನ್ನು ಮೇಲೆ ಆ ಕಾಯುವವರ ಕಡೆ ನೋಡಿ ಎನ್ನುವುದಕ್ಕೇ ಈ ಸಲದ ಅಂಕಣ.

1976ರ ‘ದಿ ಓಮನ್’ ಕಥೆ ಹೀಗಿದೆ. ರೋಮಿನಲ್ಲಿರುವ ಅಮೆರಿಕದ ಅಧಿಕಾರಿಯೊಬ್ಬನ ಮಗು ಹುಟ್ಟುತ್ತಲೇ ತೀರಿಕೊಂಡಿತೆಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಹೆಂಡತಿಗೆ ಹೇಳದೆ ಅವನು ಬೇರೊಂದು ಕೂಸನ್ನು ತಂದು ಅವಳ ಮಡಿಲಲ್ಲಿ ಮಲಗಿಸುತ್ತಾನೆ. ಆ ಹುಡುಗ ಡೇಮಿಯನ್ ಸೈತಾನನ ಅಂಶ. ಅವನನ್ನು ಕಾಯಲು ಕರೆಯದೇ ಬಂದ ಒಬ್ಬ ದಾಯಿ, ಜೊತೆಗೊಂದು ಕರಿ ನಾಯಿ. ಬಿಲ್ಲಿ ವೈಟ್‌ಲಾ ಎಂಬ ನಟಿ ಆ ದಾಯಿಯ ಪಾತ್ರ ಮಾಡಿದ್ದಾಳೆ. ನನಗೆ ಕೇಳಿದರೆ, ಇಡೀ ಚಿತ್ರದಲ್ಲಿ ಮೈ ಜುಮ್ಮೆನ್ನಿಸುವುದು ಅವಳ ನಗು, ಹುಡುಗನದಲ್ಲ.

ಇನ್ನೊಂದು 2008ರ ಸ್ವೀಡನ್ ಚಿತ್ರ, ‘ಲೆಟ್ ದ ರೈಟ್ ಒನ್ ಇನ್’. ಸ್ಟಾಕ್‌ಹೋಮಿನ ಹೊರವಲಯ, ಎಲ್ಲಿ ನೋಡಿದರೂ ಹಿಮ. ಹನ್ನೆರಡರ ಪ್ರಾಯದವಳಂತೆ ಕಾಣುವ ಏಲಿ ಎಂಬ ಹುಡುಗಿ. ಅವಳಿಗೆ ಆಹಾರ ರಕ್ತ. ಅವಳ ಜೊತೆ ಒಬ್ಬ ನಡುವಯಸ್ಸಿನ ಗಂಡಸು, ಅವಳಿಗಾಗಿ ರಾತ್ರಿ ಹೊತ್ತು ಡಬ್ಬಿ ಹಿಡಿದು ಕೊಲೆಗೆ ಹೊರಡುವವನು. ಪಾಪ, ಆ ಕೆಲಸವೂ ಅವನಿಗೆ ನೆಟ್ಟಗೆ ಬರುವುದಿಲ್ಲ. ಅವನ ಸುಸ್ತಾದ ಮುಖ ನೋಡಿದರೆ ಹೆದರಿಕೆಗಿಂತ ಸಂಕಟವೇ ಹೆಚ್ಚು. ನಮ್ಮ ಕನ್ನಡದ್ದೇ ಬೇಕೆಂದರೆ 2016ರ ‘ಮಮ್ಮಿ’ ಇದೆ: ಪ್ರಿಯಾಂಕಾ ಉಪೇಂದ್ರ ಗರ್ಭಿಣಿ ತಾಯಿ, ಅವಳ ಪುಟ್ಟ ಮಗಳು, ಕಾಟ ಕೊಡುವ ಒಂದು ಮನೆ. ಇಲ್ಲಿ ಕಾಯುವವಳು ಹೆತ್ತವ್ವ. ಲೋಹಿತ್ ಎಂಬ ತೀರಾ ಎಳೆಯ ನಿರ್ದೇಶಕ ಮಾಡಿದ ಚಿತ್ರ. ಮೂರರಲ್ಲಿ ನಮ್ಮ ಹೆಂಗಸರಿಗೆ ಹತ್ತಿರವಾಗುವುದು ಇದೇ.

ಈಗ ಒಂದು ಒಳಗುಟ್ಟು. ಆ ‘ಓಮನ್’ ಹುಡುಗನದು ಹೊಂಬಣ್ಣದ ಕೂದಲು. ಹಾಗೇ ಬಿಟ್ಟಿದ್ದರೆ ಮುದ್ದು ಕೃಷ್ಣನಂತೆ ಕಾಣುತ್ತಿದ್ದನೋ ಏನೋ. ಕಪ್ಪು ಬಣ್ಣ ಹಚ್ಚಿ ಸೈತಾನನ ಮಗನನ್ನಾಗಿ ಮಾಡಿದರು. ಆ ಸ್ವೀಡನ್ ಹುಡುಗಿಯ ಸ್ವಂತ ದನಿ ಎಳೆಯದಾಯಿತೆಂದು ಬೇರೊಬ್ಬಳ ಗಡಸು ದನಿ ಜೋಡಿಸಿದರು. ಉಳಿದದ್ದು ಹಿನ್ನೆಲೆ ಸಂಗೀತದ ಕೆಲಸ. ‘ಓಮನ್’ ಸಂಗೀತಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್‌ಗೆ ಆಸ್ಕರ್ ಪ್ರಶಸ್ತಿಯೇ ಬಂತು. ನಂಬಿಕೆ ಬರದಿದ್ದರೆ ಒಮ್ಮೆ ಟಿ.ವಿ. ದನಿ ಪೂರ್ತಿ ಇಳಿಸಿ ನೋಡಿ. ಅಲ್ಲಿರುವುದು ಸುಮ್ಮನೆ ನಿಂತ ಒಂದು ಮಗು, ಅಷ್ಟೇ. ಕೂದಲಿಗೆ ಬಣ್ಣ, ಗಂಟಲಿಗೆ ಎರವಲು ದನಿ, ಬೆನ್ನ ಹಿಂದೆ ಡೋಲು. ಎಲ್ಲವೂ ದೊಡ್ಡವರು ಹಚ್ಚಿದ್ದು.

ಸಿನಿಮಾದಲ್ಲಿ ಮೂರು ಗಂಟೆಗೆ ಬಣ್ಣ ತೊಳೆದು ಹೋಗುತ್ತದೆ. ಮನೆಯಲ್ಲಿ ಹಚ್ಚಿದ ಬಣ್ಣದ ಗತಿ ಏನು?

ಗೊತ್ತಿದೆಯಲ್ಲ ನಮ್ಮ ಪಟ್ಟಿ: ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಇನ್ನು ಹುಟ್ಟಿದ ವಾರವೇ ಎತ್ತು ಸತ್ತಿತು, ಅಂಗಡಿ ಮುಳುಗಿತು ಎಂಬ ಕಾಲ್ಗುಣದ ಲೆಕ್ಕ ಬೇರೆ. ತೊಟ್ಟಿಲಲ್ಲಿ ಕಾಲಾಡಿಸುವ ಕೂಸಿಗೆ ಅಂಗಡಿಯ ಸಾಲ ಗೊತ್ತೇ, ನೀವೇ ಹೇಳಿ?

ನಾನಿರುವುದು ರಂಗಂಪೇಟೆಯಲ್ಲಿ, ಸುರಪುರದ ಮಗ್ಗುಲಿಗೇ. ಇಲ್ಲಿ ನನಗೆ ಪರಿಚಯದ ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿ. ಮೆಟ್ಟಿಲ ಕೆಳಗೆ ಕೂತು ಒಬ್ಬಳೇ ಮಾತಾಡುತ್ತಾಳೆ, ಕರೆದರೆ ತಿರುಗಿ ನೋಡುವುದಿಲ್ಲ. ಮನೆಯವರೆಲ್ಲ ಇಂಥದೇ ಒಂದು ಸಿನಿಮಾ ನೋಡಿದ ಮಾರನೆಯ ದಿನ ಅಜ್ಜಿ ನನ್ನೆದುರಿಗೇ ಅಂದರು: “ಈ ಕೂಸಿನ ನೋಟ ಚೊಲೊ ಇಲ್ರಿ ಅಕ್ಕಾರ, ಅದ ಹುಡುಗಿಗತೆ ನೋಡ್ತೈತಿ.” ಅಲ್ಲಿಂದ ಸಂಜೆ ಸಂಜೆಗೆ ದೃಷ್ಟಿ ತೆಗೆಯುವುದು, ಚಿಕ್ಕ ತಮ್ಮನನ್ನು ಅವಳ ಪಕ್ಕ ಮಲಗಿಸದೇ ಇರುವುದು ಶುರುವಾಯಿತು. ಪಂಚಮಿಗೆ ಸೋದರತ್ತೆ ಬಂದಾಗ ಆ ಹುಡುಗಿ ಮೆಲ್ಲಗೆ ಕೇಳಿದಳಂತೆ: “ಅತ್ತಿ, ನನ್ನೊಳಗ ಯಾರರ ಅದಾರೇನ?”

ಯಾವ ದೆವ್ವದ ಸಿನಿಮಾದಲ್ಲೂ ನಾನು ಇಷ್ಟು ಹೆದರಿಸುವ ಮಾತು ಕೇಳಿಲ್ಲ.

ಆ ಅತ್ತೆ ಜಾಣೆ. ವಾದಕ್ಕೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ತಾನೂ ಹೋಗಿ ಕೂತಳು. ನೋಡಿದರೆ ಹುಡುಗಿ ಕಲ್ಲಾಟ ಆಡುತ್ತಿದ್ದಾಳೆ. ಜೊತೆಗೆ ಯಾರೂ ಸೇರುವುದಿಲ್ಲವಲ್ಲ, ಎರಡೂ ಕಡೆಯ ಆಟ ತಾನೇ ಆಡಿ, ಎರಡೂ ಕಡೆಯ ಮಾತು ತಾನೇ ಆಡುತ್ತಾಳೆ. ಎಡಗಡೆಯಿಂದ ಮಾತಾಡಿಸಿದರೆ ಉತ್ತರವಿಲ್ಲ, ಬಲಗಡೆಯಿಂದ ಅಂದರೆ ಥಟ್ಟನೆ ಉತ್ತರ. ಡಾಕ್ಟರರ ಬಳಿ ಕರೆದೊಯ್ದಾಗ ಎಡಗಿವಿ ಒಳಗೆ ಸೋರುತ್ತಿದ್ದುದು ಗೊತ್ತಾಯಿತು. ಔಷಧ ನಡೆದಿದೆ. ತಮ್ಮ ಈಗ ಪಕ್ಕದಲ್ಲೇ ಮಲಗುತ್ತಾನೆ. ಅಜ್ಜಿ ಮಾತ್ರ ಇನ್ನೂ ವಾರಕ್ಕೊಮ್ಮೆ ಮೆಣಸಿನಕಾಯಿ ಸುಡುತ್ತಾರೆ. ಸುಡಲಿ ಬಿಡಿ.

ನಕ್ಷತ್ರದ ಮಾತು ಬಂದಾಗ ನಮ್ಮೂರಿನವರಿಗೆ ಒಂದು ಕಥೆ ನೆನಪಾಗಲೇಬೇಕು. ಇದು ಸಿನಿಮಾ ಅಲ್ಲ, ಇತಿಹಾಸ. ಸುರಪುರದ ದೊರೆ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗನಾಗಿದ್ದಾಗ ತಂದೆ ಕೃಷ್ಣಪ್ಪ ನಾಯಕ ತೀರಿಕೊಂಡ. ತಾಯಿ ರಾಣಿ ಈಶ್ವರಮ್ಮ. ಸಂಸ್ಥಾನದ ಮೇಲ್ವಿಚಾರಣೆಗೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. 1841ರಲ್ಲಿ ಬಂದವನು 1853ರವರೆಗೆ ಇದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲನ್ನು ನಮ್ಮಲ್ಲಿ ನೋಡದವರಿಲ್ಲ. ಹುಡುಗ ದೊರೆ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಈ ಹುಡುಗನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷಕ್ಕೆ ಸಾವು ಎಂದು ಪಂಡಿತರು ಹೇಳಿದ್ದರೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನು ತೀರಿಕೊಂಡ ಮೇಲೆ, 1877ರಲ್ಲಿ ಅಚ್ಚಾದ ಪುಸ್ತಕ ಅದು.

ಮುಂದಿನದು ನಿಮಗೆ ಗೊತ್ತು. 1858ರಲ್ಲಿ ಸುರಪುರ ಇಂಗ್ಲಿಷರ ಮೇಲೆ ತಿರುಗಿಬಿತ್ತು. ಸೋತ ದೊರೆ ಹೈದರಾಬಾದಿಗೆ ಹೋಗಿ ಸೆರೆ ಸಿಕ್ಕ. ಮರಣದಂಡನೆಯಾಗಬೇಕಿತ್ತು, ಅದು ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಸೆರೆಮನೆಯಲ್ಲಿ ನೋಡಲು ಬಂದ ಟೇಲರನನ್ನು ಅಪ್ಪಿಕೊಂಡು ಆಗಲೂ ಅವನು ‘ಅಪ್ಪಾ’ ಎಂದೇ ಅತ್ತನಂತೆ. ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಎಂಬುದು ಇಂಗ್ಲಿಷರ ದಾಖಲೆ, ಕೊಂದರು ಎನ್ನುವವರೂ ಇದ್ದಾರೆ. ಟೇಲರನ ಲೆಕ್ಕಕ್ಕೆ ಅದು ಇಪ್ಪತ್ತನಾಲ್ಕನೆಯ ವರ್ಷ.

“ನೋಡ್ರಿ, ಜಾತಕ ಖರೇ ಆತು” ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಫಿರಂಗಿ ತಂದವರು ನಕ್ಷತ್ರಗಳೇ? ಸಂಸ್ಥಾನದ ಸಾಲ, ಕಂಪನಿಯ ಕಣ್ಣು, ಆ ವರ್ಷ ದೇಶಕ್ಕೆಲ್ಲ ಹತ್ತಿದ ಬೆಂಕಿ, ಇವು ಯಾವ ಕುಂಡಲಿಯಲ್ಲಿದ್ದವು? ಇಂದು ಸುರಪುರದಲ್ಲಿ ಆ ದೊರೆಯನ್ನು ಸ್ವಾತಂತ್ರ್ಯಕ್ಕೆ ಹೋರಾಡಿದ ವೀರನೆಂದು ನೆನೆಯುತ್ತಾರೆ, ದುರ್ನಕ್ಷತ್ರದ ಮಗುವೆಂದಲ್ಲ. ಟೇಲರ್ ಹುಡುಗನನ್ನು ಪ್ರೀತಿಸಿದ್ದು ಸುಳ್ಳಲ್ಲ, ಆದರೆ ಕಂಪನಿಯ ಕೈಯಾಗಿಯೇ ಅವನು ಊರಿಗೆ ಬಂದದ್ದೂ ಸುಳ್ಳಲ್ಲ. ಕಾಯುವವರು ಎಂದರೆ ಅಷ್ಟು ಸರಳವಲ್ಲ ನೋಡಿ. ನನ್ನ ಮನಸ್ಸಿನಲ್ಲಿ ನಿಲ್ಲುವುದು ಆ ಹೆತ್ತವಳು. ಮಗ ಪ್ರತಿ ವರ್ಷ ಬೆಳೆದಾಗಲೂ ಬೆರಳು ಮಡಚಿ ಎಣಿಸಿರಬಹುದಲ್ಲವೇ?

ಇನ್ನು ಉಪಯೋಗದ ನಾಲ್ಕು ಮಾತು. ಸಿನಿಮಾದ ಕೆಟ್ಟ ಮಗು ಏನೇನು ಮಾಡುತ್ತದೋ ಅದೆಲ್ಲವನ್ನೂ ನಮ್ಮ ನಿಮ್ಮ ಮಕ್ಕಳೂ ಮಾಡುತ್ತವೆ. ಕಾಣದ ಗೆಳತಿಯ ಜೊತೆ ಮಾತಾಡುವುದು ಎಳೆಯ ಮಕ್ಕಳಲ್ಲಿ ತೀರಾ ಸಾಮಾನ್ಯ, ಅದಕ್ಕೆ ಮದ್ದು ಬೇಡ. ನಿದ್ದೆ ಹತ್ತಿದ ಒಂದೆರಡು ಗಂಟೆಯಲ್ಲಿ ಚೀರಿ ಎದ್ದು, ಕಣ್ಣು ತೆರೆದಿದ್ದರೂ ಅವ್ವನ ಗುರುತು ಹಿಡಿಯದೆ ಒದರಾಡಿ, ಬೆಳಗ್ಗೆ ಕೇಳಿದರೆ ಏನೂ ನೆನಪಿಲ್ಲ ಅನ್ನುವ ಮಕ್ಕಳುಂಟು. ಹಿಡಿದು ಅಲುಗಾಡಿಸಬೇಡಿ, ಬೀಳದಂತೆ, ಪೆಟ್ಟಾಗದಂತೆ ನೋಡಿಕೊಂಡು ಪಕ್ಕದಲ್ಲಿರಿ, ತಾನಾಗಿ ಮಲಗುತ್ತವೆ. ನಿದ್ದೆಯಲ್ಲಿ ನಡೆಯುವ ಮಗುವಿದ್ದರೆ ರಾತ್ರಿ ಬಾಗಿಲ ಅಗುಳಿ ಮೇಲಿನದು ಹಾಕಿ. ಬೆಳೆದಂತೆ ಇವೆರಡೂ ಹೆಚ್ಚಿನ ಮಕ್ಕಳಲ್ಲಿ ಬಿಟ್ಟುಹೋಗುತ್ತವೆ.

ಆದರೆ ಒಂದನ್ನು ಮಾತ್ರ ಗಮನಿಸಿ. ಆಡುತ್ತಾ ಆಡುತ್ತಾ, ಉಣ್ಣುತ್ತಾ ಉಣ್ಣುತ್ತಾ ಮಗು ಥಟ್ಟನೆ ನಿಂತು ಕೆಲವು ಕ್ಷಣ ಶೂನ್ಯ ನೋಡಿ, ಕರೆದರೂ ಮುಟ್ಟಿದರೂ ತಿಳಿಯದೆ, ಮತ್ತೆ ಏನೂ ಆಗದಂತೆ ಆಟ ಮುಂದುವರಿಸಿದರೆ, ಅದೂ ದಿನಕ್ಕೆ ಹಲವು ಸಲ ಆದರೆ, ಅದು ಮೂರ್ಛೆರೋಗದ ಒಂದು ಬಗೆ ಇರಬಹುದು. ಕೈಕಾಲು ಸೆಟೆಯುವುದಿಲ್ಲ, ಆದ್ದರಿಂದ ಯಾರಿಗೂ ಹೊಳೆಯುವುದಿಲ್ಲ. ಶಾಲೆಯಲ್ಲಿ ‘ಲಕ್ಷ್ಯ ಇಲ್ಲ’ ಎಂದು ಬೈಸಿಕೊಳ್ಳುತ್ತವೆ. ಮಾತ್ರೆಗೆ ಬಗ್ಗುವ ಕಾಯಿಲೆ ಅದು. ಮಂತ್ರಿಸಿದ ತಾಯಿತ ಕಟ್ಟಲೇಬೇಕೆಂದು ಹಿರಿಯರು ಹಟ ಹಿಡಿದರೆ ಕಟ್ಟಲಿ, ಆ ದಿನವೇ ಮಕ್ಕಳ ಡಾಕ್ಟರರನ್ನೂ ಕಾಣಿ.

ಸಿನಿಮಾ ಬಿಡಿ ಎಂದು ನಾನು ಹೇಳುವವಳಲ್ಲ, ನಾನೇ ಬಿಟ್ಟಿಲ್ಲ. 2024ರಿಂದ ಸಿನಿಮಾದ ಸರ್ಟಿಫಿಕೇಟಿನಲ್ಲಿ ಯುಎ 7+, ಯುಎ 13+, ಯುಎ 16+ ಎಂದು ವಯಸ್ಸು ಬಿಡಿಸಿ ಹಾಕುತ್ತಿದ್ದಾರೆ. ಚಿತ್ರ ಶುರುವಾಗುವಾಗ ಕಾಣುತ್ತದೆ, ಅರ್ಧ ನಿಮಿಷ ಕಣ್ಣಿಟ್ಟು ಓದಿ. ಮಗು ಆಗಲೇ ನೋಡಿ ಹೆದರಿದೆಯೆಂದರೆ ಮಾರನೆಯ ದಿನ ಬೆಳಕಿನಲ್ಲಿ ಅದೇ ದೃಶ್ಯವನ್ನು ದನಿ ಇಲ್ಲದೆ ತೋರಿಸಿ, ಆ ಹುಡುಗನ ಕೂದಲಿನ ಬಣ್ಣದ ಕಥೆ ಹೇಳಿ. ರಾತ್ರಿ ಸಣ್ಣ ದೀಪ ಇರಲಿ. “ಉಣ್ಣದಿದ್ದರ ಗುಮ್ಮಗ ಕೊಡ್ತೀನಿ ನೋಡು” ಎಂದು ತುತ್ತು ಇಡುವುದನ್ನು ಆ ವಾರದ ಮಟ್ಟಿಗಾದರೂ ನಿಲ್ಲಿಸಿ.