ಕೊಡುವ ಸೇರು, ಕೊಳ್ಳುವ ಸೇರು

ಕಳೆದ ಸೆಮಿಸ್ಟರಿನಲ್ಲಿ ವಿದ್ಯಾರ್ಥಿನಿಯೊಬ್ಬಳು 'ಚೋಮನ ದುಡಿ'ಯನ್ನು ಕುರಿತು ತರಗತಿಯಲ್ಲಿ ಪ್ರಬಂಧ ಮಂಡಿಸಿದಳು. ಜೀತ, ಸಾಲ, ಬೇಸಾಯದ ಹಂಬಲ, ಜಾತಿಯ ಕಟ್ಟು ಎಲ್ಲವನ್ನೂ ಕ್ರಮವಾಗಿ ವಿವೇಚಿಸಿದ್ದಳು. ಮಂಡನೆ ಮುಗಿದ ಮೇಲೆ, ಮಾತಿನ ಮುಂದುವರಿಕೆಯಾಗಿ, ಮನೆಯಲ್ಲಿ ಯಾರು ಯಾರು ದುಡಿಯುತ್ತಾರೆಂದು ವಿಚಾರಿಸಿದೆ. "ಅಪ್ಪ ಗಾರೆ ಕೆಲಸ ಸರ್. ಅಮ್ಮ ಕೆಲಸಕ್ಕೇನೂ ಹೋಗುವುದಿಲ್ಲ, ಮನೆಯಲ್ಲೇ ಬೀಡಿ ಕಟ್ಟುತ್ತಾರೆ" ಎಂದಳು. ಅವಳ ಕಾಲೇಜು ಶುಲ್ಕ ಸಂದಾಯವಾಗುತ್ತಿದ್ದುದು ಆ ಬೀಡಿಯ ಹಣದಿಂದಲೇ ಎಂಬುದು ಆಮೇಲಿನ ಮಾತಿನಲ್ಲಿ ತಿಳಿಯಿತು. ಚೋಮನ ಶೋಷಣೆಯನ್ನು ಅಷ್ಟು ಸ್ಪಷ್ಟವಾಗಿ ಕಂಡವಳಿಗೆ ತಾಯಿಯ ದುಡಿಮೆ ದುಡಿಮೆಯೆಂದು ಕಾಣಲಿಲ್ಲ. ತಪ್ಪು ಅವಳದಲ್ಲ, ಕಲಿಸಿದ ನಮ್ಮದು.

ಶಿರ್ವದಿಂದ ಬೆಳ್ಮಣ್ಣು, ಕಾರ್ಕಳದ ಕಡೆಗಾಗಲಿ ಕಾಪುವಿನ ಕಡೆಗಾಗಲಿ ಒಳರಸ್ತೆಗಳಲ್ಲಿ ನಡೆದವರಿಗೆ ಈ ದೃಶ್ಯ ಹೊಸತಲ್ಲ. ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತ ಹೆಂಗಸು, ಮಡಿಲಲ್ಲಿ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಎಲೆಯನ್ನು ಹಿಂದಿನ ದಿನವೇ ನೆನೆಹಾಕಬೇಕು, ಅಳತೆಗೆ ಕತ್ತರಿಸಬೇಕು, ಸುರುಳಿ ಸುತ್ತಿ ತುದಿ ಮಡಚಿ ನೂಲು ಬಿಗಿಯಬೇಕು. ಬಳಿಕ ಎಣಿಸಿ ಕಟ್ಟು ಮಾಡಿ ಬ್ರಾಂಚಿಗೆ ಒಯ್ಯಬೇಕು. ಕೂಲಿಯ ಲೆಕ್ಕ ಗಂಟೆಯದಲ್ಲ, ಸಾವಿರದ್ದು. ಸಾವಿರ ಬೀಡಿ ನುರಿತ ಕೈಯ ಒಂದು ದಿನದ ದುಡಿಮೆ. ಹತ್ತು ಗಂಟೆ ಎಡೆಬಿಡದೆ ಕುಳಿತರೂ ಒಂದು ಬೀಡಿಗೆ ದೊರೆಯುವುದು 36 ಸೆಕೆಂಡು. ಎಡೆಬಿಡದೆ ಕೂರಲು ಯಾವ ಗೃಹಿಣಿಗೆ ಸಾಧ್ಯ? ಆದ್ದರಿಂದ ಅತ್ತೆ ಎಲೆ ಕತ್ತರಿಸುತ್ತಾರೆ, ಶಾಲೆಯಿಂದ ಬಂದ ಮಗಳು ತುದಿ ಮಡಚುತ್ತಾಳೆ. ಒಬ್ಬಳ ಹೆಸರಿನ ಕೂಲಿ ವಸ್ತುತಃ ಎರಡು ಮೂರು ಜನರ ಕೂಲಿ.

ಈ ದುಡಿಮೆಯ ಅನ್ಯಾಯವಿರುವುದು ದರದಲ್ಲಿ ಮಾತ್ರವಲ್ಲ, ಅಳತೆಯಲ್ಲಿ. ಬೀಡಿ ಕಟ್ಟುವ ಯಾವ ಹೆಂಗಸನ್ನು ಕೇಳಿದರೂ ಮೊದಲು ಬರುವ ದೂರು ಎರಡು. ಸಾವಿರಕ್ಕೆಂದು ತೂಗಿ ಕೊಟ್ಟ ಎಲೆ ಸಾವಿರಕ್ಕೆ ಸಾಲುವುದಿಲ್ಲ; ತೂತು ಬಿದ್ದದ್ದು, ಒಡೆದದ್ದು ಕಳೆದು ಉಳಿದುದರಲ್ಲಿ ಎಣಿಕೆ ತುಂಬದಿದ್ದರೆ ಕೊರತೆಯ ಎಲೆಯನ್ನು ಆಕೆಯೇ ಕೊಂಡು ತುಂಬಬೇಕು. ಇನ್ನು ಕಟ್ಟಿ ಒಯ್ದ ಬೀಡಿಯಲ್ಲಿ ಸರಿಯಿಲ್ಲವೆಂದು ಒಂದಷ್ಟನ್ನು ಪಕ್ಕಕ್ಕೆ ಸರಿಸುತ್ತಾರೆ. ಆ ಬೀಡಿಗೆ ಕೂಲಿಯಿಲ್ಲ. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು.

ಗೇಣಿಯ ಕಾಲವನ್ನು ಕಂಡ ನಮ್ಮ ಮನೆಯ ಹಿರಿಯರ ಬಾಯಲ್ಲಿ 'ಕೊಡುವ ಸೇರು ಬೇರೆ, ಕೊಳ್ಳುವ ಸೇರು ಬೇರೆ' ಎಂಬ ಮಾತು ಕೇಳುತ್ತಿತ್ತು. ಹೇಳುವಾಗ ನಗುತ್ತಿದ್ದರು, ಗೇಣಿ ಪಡೆಯುವ ಬದಿಯಲ್ಲಿದ್ದವರು ಆ ಮಾತಿಗೆ ನಗಬಲ್ಲರು. ತುಳುನಾಡಿನ ಶಾಸನಗಳಲ್ಲಿ ದತ್ತಿಯ ಅಕ್ಕಿಯ ಮುಡಿಯನ್ನು ಯಾವ ಹಾನೆಯ ಲೆಕ್ಕದಲ್ಲಿ ಅಳೆಯಬೇಕೆಂದು ಬರೆಯಿಸುತ್ತಿದ್ದುದು ಅಳತೆಗೋಲು ಯಾರ ಕೈಯಲ್ಲಿದೆ ಎಂಬುದರ ಮಹತ್ತ್ವವನ್ನು ಅರಿತೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯ ವ್ರತದ ಐದು ಅತಿಚಾರಗಳನ್ನು ಎಣಿಸುವಲ್ಲಿ 'ಹೀನಾಧಿಕಮಾನೋನ್ಮಾನ'ವನ್ನೂ ಸೇರಿಸುತ್ತದೆ. ಇನ್ನೊಬ್ಬರಿಗೆ ಕೊಡುವಾಗ ಕಿರಿದಾದ ಮಾನದಿಂದ, ತಾನು ಪಡೆಯುವಾಗ ಹಿರಿದಾದ ಮಾನದಿಂದ ಅಳೆಯುವುದು ಎಂದು ಪೂಜ್ಯಪಾದರ ವ್ಯಾಖ್ಯಾನ. ಇಲ್ಲಿ ಗಮನಿಸಬೇಕಾದದ್ದು ವರ್ಗೀಕರಣ. ಅಳತೆಯ ಮೋಸವನ್ನು ಪರಂಪರೆಯು ದಯೆಯ ಕೊರತೆಯೆಂದು ಎಣಿಸಲಿಲ್ಲ, ಲೋಭವೆಂದು ಮಾತ್ರ ಹೇಳಿ ಬಿಡಲಿಲ್ಲ. ಕಳವಿನ ಕಕ್ಷೆಯೊಳಗೆ ಇರಿಸಿತು. ನ್ಯಾಯವಾದ ಕೂಲಿಯ ಚರ್ಚೆಯಲ್ಲಿ ನಾವು ಕಳೆದುಕೊಂಡಿರುವುದು ಈ ವಿವೇಕವನ್ನು. ಕೂಲಿ ಹೆಚ್ಚಿಸುವುದನ್ನು ಔದಾರ್ಯವೆಂದು, ಹೆಚ್ಚಿಸದಿರುವುದನ್ನು ವ್ಯವಹಾರದ ಅನಿವಾರ್ಯತೆಯೆಂದು ಮಾತಾಡುತ್ತೇವೆ. ಸಲ್ಲಬೇಕಾದುದನ್ನು ಸಲ್ಲಿಸದಿರುವುದಕ್ಕೆ ಬೇರೆ ಹೆಸರಿದೆ.

ಇಷ್ಟು ಹೇಳಿದ ಮೇಲೆ ಅದೇ ಅಧ್ಯಾಯದ ಇನ್ನೊಂದು ಪಟ್ಟಿಯನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಪರಿಗ್ರಹ ಪರಿಮಾಣವನ್ನು ಮೀರಬಾರದ ವಸ್ತುಗಳ ಸಾಲಿನಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳೊಡನೆ ದಾಸಿಯರೂ ದಾಸರೂ ಇದ್ದಾರೆ. ಒಡೆಯನ ಸಂಯಮವನ್ನು ಚಿಂತಿಸಿದ ಶಾಸ್ತ್ರಕ್ಕೆ ಆಳಿನ ಹಕ್ಕು ಹೊಳೆಯಲಿಲ್ಲ. ಅಳೆಯುವವನಿಗೆ ಧರ್ಮ ಹೇಳಿದ ಗ್ರಂಥಗಳಿವೆ. ಅಳೆಸಿಕೊಳ್ಳುವವಳಿಗೆ ಕೇಳುವ ಅಧಿಕಾರ ಕೊಟ್ಟದ್ದು ಇಪ್ಪತ್ತನೆಯ ಶತಮಾನದ ಕಾರ್ಮಿಕ ಸಂಘಗಳು ಮತ್ತು ಶಾಸನಗಳು.

ಆ ಶಾಸನಗಳ ಕಥೆಯೂ ಸರಳವಲ್ಲ. 1948ರ ಕನಿಷ್ಠ ವೇತನ ಕಾಯಿದೆ ಬಂದಿತು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ವೇತನಕ್ಕೆ ಅಳತೆ ಹಾಕಿತು: ಒಬ್ಬ ದುಡಿಯುವವನಿಗೆ ಮೂರು ಬಳಕೆ ಘಟಕಗಳ ಕುಟುಂಬ, ವಯಸ್ಕನಿಗೆ 2700 ಕ್ಯಾಲರಿ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಈ ಲೆಕ್ಕದಲ್ಲಿ ಹೆಂಗಸರ ಗಳಿಕೆಯನ್ನು ಪರಿಗಣಿಸತಕ್ಕದ್ದಲ್ಲ ಎಂಬ ಮಾತೂ ಇತ್ತು. ಉದ್ದೇಶ ಒಳ್ಳೆಯದೇ, ಹೆಂಡತಿಯ ಗಳಿಕೆಯನ್ನು ತೋರಿಸಿ ಗಂಡನ ಕೂಲಿ ಕಡಿತವಾಗದಿರಲಿ ಎಂಬುದು. ಆದರೆ ದುಡಿಯುವ ವ್ಯಕ್ತಿಯೆಂದರೆ ಗಂಡಸು ಎಂಬ ಕಲ್ಪನೆ ಅಲ್ಲಿಯೇ ಬೇರೂರಿತ್ತು. ಮೇಲೆ ಹೇಳಿದ ವಿದ್ಯಾರ್ಥಿನಿಯ ಉತ್ತರದಲ್ಲಿ ಕೇಳಿದ್ದು ಅದೇ ಕಲ್ಪನೆಯ ದನಿ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಕರೆಯಿತು. ಇದನ್ನು ಪ್ರಶ್ನಿಸಿ ಉದ್ಯಮಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವು. 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿದ ತೀರ್ಪು ಮಂಗಳೂರಿನ ಹೆಸರನ್ನೇ ಹೊತ್ತು, 'ಮಂಗಳೂರು ಗಣೇಶ್ ಬೀಡಿ ವರ್ಕ್ಸ್' ಪ್ರಕರಣವೆಂದು, ಕಾನೂನಿನ ಪುಸ್ತಕಗಳಲ್ಲಿ ನಿಂತಿದೆ. ಅದಕ್ಕಿಂತ ಸ್ವಾರಸ್ಯಕರವಾದದ್ದು ಭವಿಷ್ಯನಿಧಿಯ ಬಗೆಗಿನ 1985ರ ಪಿ. ಎಂ. ಪಟೇಲ್ ಪ್ರಕರಣ. ಮನೆಯಲ್ಲಿ, ತಮಗೆ ಬೇಕಾದ ಹೊತ್ತಿನಲ್ಲಿ ಕಟ್ಟುವವರು ನಮ್ಮ ನೌಕರರು ಹೇಗಾದಾರು, ಅವರ ಮೇಲೆ ನಮಗೆ ಹತೋಟಿ ಎಲ್ಲಿದೆ ಎಂಬುದು ಮಾಲೀಕರ ವಾದ. ಕಟ್ಟಿ ತಂದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ನಿಮಗಿದೆಯಷ್ಟೆ, ಅದುವೇ ಹತೋಟಿ ಎಂಬುದು ನ್ಯಾಯಾಲಯದ ಉತ್ತರದ ಸಾರ. ಪಕ್ಕಕ್ಕೆ ಸರಿಸಿದ ಬೀಡಿಯೇ ಒಡೆತನಕ್ಕೆ ಸಾಕ್ಷಿಯಾಯಿತು!

ಇಲ್ಲಿ ಚೋಮನ ಕಡೆಗೆ ಮರಳಬೇಕು. 1933ರ ಆ ಕಾದಂಬರಿಯನ್ನು ನಾವು ಭೂಮಿಯ ಕಥೆಯಾಗಿಯೇ ಪಾಠ ಮಾಡುತ್ತ ಬಂದಿದ್ದೇವೆ. ಅದು ಲೆಕ್ಕದ ಕಥೆಯೂ ಹೌದು. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಎಷ್ಟು ದುಡಿದರೂ ತೀರದ ಸಾಲ, ಬೆಳ್ಳಿ ತನ್ನ ಮೈಯನ್ನು ತೆತ್ತ ಮೇಲೆ ರೈಟರ್ ಮನ್ವೇಲನ ಲೇಖನಿಯಿಂದ ತೀರುತ್ತದೆ. ಪುಸ್ತಕ ಯಾರ ಕೈಯಲ್ಲಿದೆಯೋ ಋಣವೂ ಅವರ ಕೈಯಲ್ಲಿದೆ. ಹೀಗೆ ಓದಿದರೆ ಚೋಮನಿಗಿಂತ ಬೆಳ್ಳಿ ಈ ಜಗಲಿಯ ಹೆಂಗಸಿಗೆ ಹತ್ತಿರದವಳು. ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಬಗೆಗೆ 1982ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಬಡತನದ ಒತ್ತಾಯವೂ ಒತ್ತಾಯವೇ. ಶಾಸನಗಳ 'ವಿಷ್ಟಿ', ಆಡುಮಾತಿನ 'ಬಿಟ್ಟಿ' ಹಳೆಯ ಕಾಲದೊಡನೆ ಹೋದುವೆಂದು ಭಾವಿಸುವ ಸಂಶೋಧಕರು ಈ ತೀರ್ಪನ್ನು ಒಮ್ಮೆ ಓದಬೇಕು.

ಸಾಹಿತ್ಯದ ಮಿತ್ರರು ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ತರುವುದುಂಟು: ಕಾಯಕದಲ್ಲಿ ತೃಪ್ತಿ ಬೇಕು, ಅತಿಯಾಸೆ ಸಲ್ಲದು. ಕ್ಷಮಿಸಬೇಕು, ಇದು ಲಕ್ಕಮ್ಮನಿಗೆ ಮಾಡುವ ಅಪಚಾರ. ಆಕೆ ಅಳತೆ ಹಾಕಿದ್ದು ತನ್ನ ಮನೆಯ ಒಲೆಗೆ. ಗಂಡ ಅಂದಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬರಲು ಕಳುಹಿಸಿದಳು. ಆ ಮಾತು ಕೇಳಬೇಕಾದದ್ದು ಹೆಚ್ಚು ಕೂಡಿಟ್ಟವರಿಗೆ. ಕಡಿಮೆ ಪಡೆದವರನ್ನು ಸುಮ್ಮನಾಗಿಸಲು ಅಲ್ಲ.

ಎದುರು ವಾದವೊಂದಕ್ಕೆ ಮಾತ್ರ ತೂಕವಿದೆ. ಬೀಡಿ ಅಳಿಯುತ್ತಿರುವ ಉದ್ಯಮ. ಕೂಲಿ ಏರಿಸಿದರೆ ಕೆಲಸ ಕಡಿಮೆ ಕೂಲಿಯ ರಾಜ್ಯಗಳಿಗೆ ಹೋಗುತ್ತದೆ, ನಷ್ಟ ಆ ಹೆಂಗಸರಿಗೇ. ಕೆಲಸದ ದಿನಗಳು ಕಡಿಮೆಯಾಗುತ್ತಿರುವುದು ನಿಜ. ಬೀಡಿ ಸೇದುವವನ ಶ್ವಾಸಕೋಶಕ್ಕೂ ಕಟ್ಟುವವಳ ಶ್ವಾಸಕೋಶಕ್ಕೂ ಅದು ಕೇಡು ಎಂಬುದೂ ನಿಜ. ಹೊಗೆಸೊಪ್ಪಿನ ಉದ್ಯಮ ಉಳಿಯಲೆಂದು ಹಾರೈಸಲು ನನ್ನಿಂದ ಆಗದು. ಆದರೆ ಇದೇ ವಾದ ಹೆಂಚಿನ ಕಾರ್ಖಾನೆಗಳ ಬಾಯಲ್ಲಿಯೂ ಇತ್ತು. 1961ರ ಉಣಿಚೋಯಿ ಪ್ರಕರಣದಲ್ಲಿ ಕೇರಳದ ಹೆಂಚಿನ ಉದ್ಯಮಿಗಳಿಗೆ ನ್ಯಾಯಾಲಯ ಹೇಳಿದ್ದು, ಕನಿಷ್ಠ ವೇತನವನ್ನು ಗೊತ್ತುಮಾಡುವಾಗ ಮಾಲೀಕನ ಶಕ್ತಿಯನ್ನು ನೋಡಬೇಕಾದದ್ದಿಲ್ಲ ಎಂದು. ಉದ್ಯಮ ನಾಳೆ ಮುಚ್ಚುವುದಾದರೆ ಬದಲಿ ಬದುಕಿನ ಪ್ರಶ್ನೆ ಸರಕಾರದ ಮುಂದೆ ಬರಲಿ. ನಿನ್ನೆ ಕಟ್ಟಿದ ಸಾವಿರದ ಕೂಲಿಗೂ, ಅದರ ಮೇಲಿನ ತುಟ್ಟಿಭತ್ಯೆಯ ಬಾಕಿಗೂ ಅದು ಉತ್ತರವಲ್ಲ. ಮಂಗಳೂರು ಉಡುಪಿಗಳ ಕಚೇರಿಗಳೆದುರು ವಯಸ್ಸಾದ ಹೆಂಗಸರು ಬಿಸಿಲಲ್ಲಿ ಧರಣಿ ಕೂತದ್ದು ಈ ಬಾಕಿಗಾಗಿ. ಈ ನಡುವೆ ಹಳೆಯ ಕಾಯಿದೆಗಳು 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಸಂಹಿತೆಗಳಲ್ಲಿ ವಿಲೀನವಾಗಿವೆ. ಹೆಸರು ಬದಲಾದರೂ ತಕ್ಕಡಿ ಬ್ರಾಂಚಿನ ಮೇಜಿನ ಆ ಬದಿಯಲ್ಲಿಯೇ ಇದೆ.

ನನ್ನ ಓದಿನ ಮಿತಿಯಲ್ಲಿ ಚೋಮನಿಗೆ ಸಂದ ಸ್ಥಾನ ಕನ್ನಡ ಕಾದಂಬರಿಯಲ್ಲಿ ಈ ಹೆಂಗಸಿಗೆ ದೊರೆತಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಹೊಲ ಬಂದಾಗ, ಗೇಣಿಚೀಟಿಯೇ ಇಲ್ಲದ ಕೂಲಿಗಳ ಮನೆಗಳಿಗೆ ಬಂದದ್ದು ಎಲೆಯ ಕಟ್ಟು. ಜಿಲ್ಲೆಯ ಸಾಮಾಜಿಕ ಇತಿಹಾಸದ ಆ ಅಧ್ಯಾಯವನ್ನು ಬರೆಯಲು ಬೇಕಾದ ಆಕರ ಇನ್ನೂ ಮನೆಮನೆಯ ಪೆಟ್ಟಿಗೆಗಳಲ್ಲಿದೆ: ಬೀಡಿಯ ಪಾಸ್‌ಬುಕ್ಕು. ಕೊಟ್ಟ ಎಲೆ, ಒಪ್ಪಿಸಿದ ಬೀಡಿ, ತಿರಸ್ಕರಿಸಿದ್ದು, ಸಂದ ಕೂಲಿ ಒಂದೊಂದು ದಿನದ ಲೆಕ್ಕ ಅದರಲ್ಲಿರುತ್ತದೆ. ತಾಳೆಯೋಲೆಗಾಗಿ ಬಸದಿ ಮಠಗಳನ್ನು ಸುತ್ತುವ ನಾವು ಈ ಪುಸ್ತಕಗಳನ್ನು ರದ್ದಿಗೆ ಹೋಗಲು ಬಿಟ್ಟಿದ್ದೇವೆ. ಆ ವಿದ್ಯಾರ್ಥಿನಿಗೆ ಅಂತಿಮ ವರ್ಷದ ಯೋಜನೆಗೆ ತಾಯಿಯ ಪಾಸ್‌ಬುಕ್ಕುಗಳನ್ನೇ ವಿಷಯವಾಗಿ ತೆಗೆದುಕೊಳ್ಳಲು ಸೂಚಿಸಿದ್ದೇನೆ. ಮೊನ್ನೆ ಮೂರನ್ನು ತಂದು ತೋರಿಸಿದಳು. ಒಂದರ ಮೊದಲ ಪುಟಗಳನ್ನು ಗೆದ್ದಲು ತಿಂದಿತ್ತು, ಉಳಿದ ಎರಡರಲ್ಲಿ ಅಂಕಿಗಳು ಸ್ಪಷ್ಟವಾಗಿವೆ.